ಹಿಂದೆ ಅಜ್ಜಿ ಇದ್ದಾರೆ

ನನ್ನ ಸಂಸಾರ ಒಡೆದದ್ದು ಇನ್ನೊಬ್ಬ ಹೆಂಗಸಿನಿಂದಲ್ಲ, ಒಂದು ವಿಮಾನದಿಂದ. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಗಲಿ. ನನ್ನ ಗಂಡ ಎವಾಂದ್ರೊ ನಮ್ಮೂರು ಸಾವ್ ಜೋಸೆಯ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊಸದೊಂದು ಪ್ರಯಾಣಿಕರ ಜೆಟ್ ಮಾಡುವುದೆಂದು ಕಂಪನಿ ತೀರ್ಮಾನಿಸಿದ ದಿನ ಮನೆಗೆ ಹೂವು ತಂದ. ಅದಾದ ಮೇಲೆ ಹೂವನ್ನೂ ತರಲಿಲ್ಲ, ತಾನೂ ಸರಿಯಾಗಿ ಬರಲಿಲ್ಲ. ಸವತಿಯಾಗಿದ್ದರೆ ಜುಟ್ಟು ಹಿಡಿದು ಎಳೆದಾಡಬಹುದಿತ್ತು. ವಿಮಾನಕ್ಕೆ ಜುಟ್ಟು ಎಲ್ಲಿಂದ ತರಲಿ? ಕೊನೆಗೊಂದು ದಿನ ಜಗಳವೂ ಇಲ್ಲದೆ, ಬರೀ ಸುಸ್ತಾಗಿ, ಇಬ್ಬರೂ ಬೇರೆಯಾದೆವು.

ತಮಾಷೆಯೆಂದರೆ, ಆಮೇಲೆ ಅದೇ ಕಂಪನಿ ನನ್ನನ್ನು ಕೆಲಸಕ್ಕೆ ಕರೆಯಿತು. ನಾನು ಅರ್ಧ ಆಯುಷ್ಯ ಗಗನಸಖಿಯಾಗಿ ದುಡಿದವಳು. ಅಪಾಯ ಬಂದಾಗ ಪ್ರಯಾಣಿಕರನ್ನು ವಿಮಾನದಿಂದ ಹೊರಗೆ ಹಾಕುವುದು ಹೇಗೆಂದು ಹೊಸ ಹುಡುಗ ಹುಡುಗಿಯರಿಗೆ ಕಲಿಸಬೇಕು, ಅದು ನನ್ನ ಕೆಲಸ. ನನ್ನ ಗಂಟಲು ನೋಡಿಯೇ ತೆಗೆದುಕೊಂಡರೆಂದು ಎವಾಂದ್ರೊ ಕ್ಯಾಂಟೀನಿನಲ್ಲೆಲ್ಲ ಹೇಳಿಕೊಂಡು ಬಂದ. "ಮಾರಿಲ್ಡಾ ಒಂದ್ಸಲ ಕೂಗಿದ್ರೆ ಸಾಕು, ಬಾಗ್ಲೇ ಬೇಡ, ಜನ ಕಿಟಕೀಲೇ ಹಾರ್ಕೊಳ್ತಾರೆ" ಎಂದನಂತೆ. ಅನುಭವಸ್ಥನ ಮಾತು, ನಾನು ಬೇಸರಪಟ್ಟುಕೊಳ್ಳಲಿಲ್ಲ.

ಅವನ ವಿಮಾನ ಎಲ್ಲ ಪರೀಕ್ಷೆಗಳನ್ನೂ ಒಂದೊಂದಾಗಿ ದಾಟಿತ್ತು. ಹಾರಿತ್ತು, ನೆಂದ ಓಡುದಾರಿಯಲ್ಲಿ ನಿಂತಿತ್ತು, ರೆಕ್ಕೆ ಬಗ್ಗಿಸಿ ನೋಡಿದ್ದರು, ಮುರಿದಿರಲಿಲ್ಲ. ಉಳಿದಿದ್ದ ದೊಡ್ಡ ಪರೀಕ್ಷೆ ನೆಲದ ಮೇಲಿನದು. ಸೀಟುಗಳ ತುಂಬ ಜನರನ್ನು ಕೂರಿಸಿ, ದೀಪ ಆರಿಸಿ, ಅರ್ಧ ಬಾಗಿಲುಗಳನ್ನು ಮುಚ್ಚಿಯೇ ಇಟ್ಟು, ಉಳಿದ ಅರ್ಧದಲ್ಲಿ ಅಷ್ಟೂ ಜನ ತೊಂಬತ್ತು ಸೆಕೆಂಡಿನೊಳಗೆ ಜಾರುಬಂಡಿಯ ಮೇಲೆ ಜಾರಿ ಕೆಳಗೆ ಬರಬೇಕು. ಬಂದರೆ ಅಷ್ಟು ಸೀಟಿಗೆ ಒಪ್ಪಿಗೆ. ಬಾರದಿದ್ದರೆ ಸೀಟು ಕಡಿಮೆ ಮಾಡಬೇಕು. ಜಗತ್ತಿನ ಆಕಾಶವನ್ನು ಹಂಚಿಕೊಂಡು ಕೂತಿರುವ ಆ ಎರಡು ದೊಡ್ಡ ಕಂಪನಿಗಳ ಎದುರು ನಮ್ಮ ವಿಮಾನಕ್ಕಿದ್ದ ಬಲ ಒಂದೇ, ಕಡಿಮೆ ಇಂಧನಕ್ಕೆ ಅವರಷ್ಟೇ ಜನರನ್ನು ಹೊರುವುದು. ಹಿಂದಿನ ಎರಡು ಸಾಲು ಸೀಟು ಕಿತ್ತರೆ ಆ ಲೆಕ್ಕ ಬುಡಮೇಲು. ಕೊಳ್ಳುತ್ತೇವೆಂದ ವಿಮಾನ ಸಂಸ್ಥೆಗಳೆಲ್ಲ ನಮಸ್ಕಾರ ಹೇಳಿ ಆ ದೊಡ್ಡವರ ಬಾಗಿಲಿಗೆ ಹೋಗುತ್ತವೆ.

ನನಗೆ ಅದಕ್ಕಿಂತ ಬೇರೆ ಚಿಂತೆಯಿತ್ತು, ಮುಚ್ಚಿಟ್ಟು ಏನು ಮಾಡಲಿ. ನನ್ನ ಗಂಡನನ್ನು ಕಿತ್ತುಕೊಂಡ ವಿಮಾನ ಗೆದ್ದರೆ, ಸರಿ, ದೊಡ್ಡ ಕೆಲಸಕ್ಕೆ ಹೋದ ಎಂದುಕೊಳ್ಳಬಹುದು. ಸೋತು ಗುಜರಿಗೆ ಹೋದರೆ ನನ್ನ ಮನೆ ಹಾಳಾದದ್ದು ಯಾವ ಪುರುಷಾರ್ಥಕ್ಕೆ? ಅದು ಗೆಲ್ಲಲೇಬೇಕಿತ್ತು. ಎವಾಂದ್ರೊನಿಗಿಂತ ಹೆಚ್ಚಾಗಿ ನನಗೆ ಅದು ಬೇಕಿತ್ತು.

ಮೊದಲ ಅಭ್ಯಾಸಕ್ಕೆ ಕಾರ್ಖಾನೆಯವರ ಮನೆಮಂದಿಯನ್ನೇ ಕರೆದೆವು. ನಿಯಮದ ಪ್ರಕಾರ ಬರೀ ಚುರುಕು ಹುಡುಗರನ್ನು ತುಂಬುವ ಹಾಗಿಲ್ಲ. ಐವತ್ತು ದಾಟಿದವರು ಇಷ್ಟು, ಹೆಂಗಸರು ಇಷ್ಟು ಇರಲೇಬೇಕು. ಜೊತೆಗೆ ಕೂಸಿನ ಗಾತ್ರದ ಮೂರು ಗೊಂಬೆಗಳು. ಅವನ್ನು ಮೂವರು ಪ್ರಯಾಣಿಕರ ಕೈಗೆ ಕೊಟ್ಟಿರುತ್ತಾರೆ, ಎತ್ತಿಕೊಂಡೇ ಜಾರಬೇಕು.

ದೀಪ ಆರಿತು. ಬಾಗಿಲು ತೆರೆಯಿತು, ಜಾರುಬಂಡಿ ಬುಸ್ಸೆಂದು ಉಬ್ಬಿಕೊಂಡಿತು, ಜನ ದಬದಬ ಇಳಿಯತೊಡಗಿದರು. ಕತ್ತಲಲ್ಲೂ ಕಾಣುವ ಕ್ಯಾಮೆರಾದ ಪರದೆಯ ಮುಂದೆ ನಾನೂ ಎವಾಂದ್ರೊನೂ ನಿಂತಿದ್ದೆವು. ಎಲ್ಲ ನೀರು ಹರಿದಂತೆ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ಹಿಂದಿನ ಬಾಗಿಲಲ್ಲಿ ನಿಂತೇ ಹೋಯಿತು.

"ಏನಾಯ್ತು? ಯಾರಾದ್ರೂ ಬಿದ್ರಾ?" ಎಂದು ಎವಾಂದ್ರೊ ಪರದೆಗೆ ಮೂಗು ತಾಗಿಸಿದ.

ಯಾರೂ ಬಿದ್ದಿರಲಿಲ್ಲ. ಲೆಕ್ಕಪತ್ರ ವಿಭಾಗದ ಹುಡುಗನೊಬ್ಬ ಬಾಗಿಲ ಬಾಯಲ್ಲಿ ಪಕ್ಕಕ್ಕೆ ಸರಿದು, ಕೈ ಚಾಚಿ, ಹಿಂದಿನವನಿಗೆ ದಾರಿ ಬಿಟ್ಟಿದ್ದ. ಹಿಂದಿನವನು ವಾಲ್ದಿರ್, ನಮ್ಮ ಕಾರ್ಖಾನೆಯ ಬಸ್ಸಿನ ಡ್ರೈವರ್, ಬಾಗಿಲಿಗಿಂತ ಅಗಲದ ಆಳು. ಅವನ ಕಂಕುಳಲ್ಲಿ ಗೊಂಬೆಯಿತ್ತು.

"ನೀವು ಮೊದ್ಲು ಹೋಗಿ ಸೆನ್ಯೋರ್, ಕಂಕುಳಲ್ಲಿ ಕೂಸಿದೆ" ಎಂದ ಹುಡುಗ.

ವಾಲ್ದಿರ್ ಹಿಂದಕ್ಕೆ ತಿರುಗಿ ನೋಡಿದ. ಅವನ ಹಿಂದೆ ನರೆತ ಕೂದಲಿನ ಹೆಂಗಸೊಬ್ಬರಿದ್ದರು, ಹಿರಿಯ ಹೆಂಗಸರನ್ನು ನಮ್ಮಲ್ಲಿ ದೋನಾ ಎನ್ನುತ್ತೇವೆ. "ಅಯ್ಯೋ, ದೋನಾ ಮೊದ್ಲು ಹೋಗ್ಲಿ. ಬನ್ನಿ ದೋನಾ."

"ನಂಗೇನೂ ಅವಸರ ಇಲ್ಲ ಕಣಪ್ಪಾ. ಮಗು ಇದೆ, ನೀನು ನಡಿ."

ಮಗು ಪ್ಲಾಸ್ಟಿಕ್ಕಿನದು! ನಾನು ಪರದೆಯ ಮುಂದೆ ಹಣೆ ಹಣೆ ಚಚ್ಚಿಕೊಂಡೆ.

ತಪ್ಪು ಅವರದೂ ಅಲ್ಲ. ನಮ್ಮಲ್ಲಿ ಬ್ಯಾಂಕಿರಲಿ, ಔಷಧಿ ಅಂಗಡಿಯಿರಲಿ, ಬೇಕರಿಯಿರಲಿ, ವಯಸ್ಸಾದವರು, ಬಸುರಿಯರು, ಕಂಕುಳಲ್ಲಿ ಕೂಸಿದ್ದವರು ಕ್ಯೂ ನಿಲ್ಲುವುದಿಲ್ಲ, ಮುಂದೆ ಹೋಗುತ್ತಾರೆ. ಕಾನೂನೇ ಹಾಗಿದೆ. ಕಾನೂನಿಗಿಂತ ಜನರ ಕಣ್ಣು ಜೋರು. ದಾರಿ ಬಿಡದವನನ್ನು ಇಡೀ ಕ್ಯೂ ತಿರುಗಿ ನೋಡುವ ನೋಟಕ್ಕೆ ಅವನು ಬ್ರೆಡ್ಡೂ ಬೇಡವೆಂದು ಮನೆಗೆ ಹೋಗಬೇಕು. ಬ್ಯಾಂಕಿಗೆ ಹೊರಟಾಗ ಪಕ್ಕದ ಮನೆಯ ಮಗುವನ್ನು ಎರವಲು ಪಡೆಯುವವರನ್ನೂ ನಾನು ಬಲ್ಲೆ. ಹುಟ್ಟಿದಾಗಿನಿಂದ ಮೈಗೆ ಹತ್ತಿದ ಅಭ್ಯಾಸ ಅದು, ಕತ್ತಲಾದ ಮಾತ್ರಕ್ಕೆ, ಬೆಂಕಿ ಬಿದ್ದ ಮಾತ್ರಕ್ಕೆ ಬಿಟ್ಟು ಹೋಗುತ್ತದೆಯೇ?

ಕೊನೆಯವರು ಇಳಿಯುವಷ್ಟರಲ್ಲಿ ನೂರು ಸೆಕೆಂಡು ದಾಟಿ ಎಷ್ಟೋ ಆಗಿತ್ತು. ಎವಾಂದ್ರೊನ ಮುಖ ಬಿಳಿಚಿಕೊಂಡಿತು.

"ಬಾಗ್ಲ ಹತ್ರ ಜಾಗ ಅಗಲ ಮಾಡ್ಬೇಕು. ಅಂದ್ರೆ ಕೊನೇ ಸಾಲು ಕೀಳ್ಬೇಕು" ಎಂದ.

"ನಿನ್ನ ಸಾಲಿಗೆ ಏನೂ ಆಗಿಲ್ಲ ಕಣೋ. ಜಾಗ ಅಗಲ ಮಾಡಿದ್ರೆ ಇನ್ನೂ ಆರಾಮಾಗಿ ನಿಂತ್ಕೊಂಡು ಉಪಚಾರ ಮಾಡ್ತಾರೆ ಅಷ್ಟೆ."

"ಹಾಗಾದ್ರೆ ಪರೀಕ್ಷೆ ದಿನ ಮೊದ್ಲೇ ಹೇಳೋಣ, ಯಾರಿಗೂ ದಾರಿ ಬಿಡ್ಬೇಡಿ ಅಂತ."

ಅದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು. ಪರೀಕ್ಷೆಗೆ ಬರುವವರು ಅಭ್ಯಾಸಕ್ಕೆ ಬಂದವರಾಗಿರಬಾರದು, ಅವರಿಗೆ ಯಾವ ವಿಶೇಷ ಪಾಠವನ್ನೂ ಹೇಳಿಕೊಡಬಾರದು. ಎಲ್ಲ ವಿಮಾನಗಳಲ್ಲಿ ಹೇಳುವಂತೆ ಬಾಗಿಲು ಇಲ್ಲಿದೆ, ಬೆಲ್ಟು ಹೀಗೆ ಬಿಚ್ಚಿ ಎನ್ನಬಹುದು, ಅಷ್ಟೆ. ನಮ್ಮ ಕೈಯಲ್ಲಿ ಉಳಿದದ್ದು ಬಾಗಿಲಲ್ಲಿ ನಿಂತ ಗಗನಸಖಿಯ ಬಾಯಿ ಒಂದೇ.

ಆ ಬಾಯಿಯದೂ ಒಂದು ಕಥೆ. ನನ್ನ ತಂಡದಲ್ಲಿ ರಾಯಾನಿ ಎಂಬ ಹುಡುಗಿಯಿದ್ದಳು. ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಧ್ವನಿ ಪಕ್ಕದ ಕೋಣೆಗೂ ಕೇಳದು. "ಹಾರಿ!" ಎಂದು ಕೂಗಬೇಕಾದಲ್ಲಿ "ದಯವಿಟ್ಟು ಹಾರ್ತೀರಾ" ಎನ್ನುವಳು.

"ಅಮ್ಮಾ ತಾಯೀ, ನೀನೇನು ಕಾಫಿಗೆ ಕರೀತಿದ್ದೀಯಾ?" ಎಂದರೆ, "ದೊಡ್ಡವರ ಮೇಲೆ ಕೂಗೋಕೆ ನಂಗೆ ಬಾಯೇ ಬರಲ್ಲ ದೋನಾ ಮಾರಿಲ್ಡಾ" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವಳು.

ಎರಡನೆಯ ಅಭ್ಯಾಸಕ್ಕೆ ಚರ್ಚಿನ ಬಿಂಗೋ ಆಟದ ಗುಂಪಿನವರನ್ನು ಕರೆದೆವು. ಯಾರಿಗೂ ದಾರಿ ಬಿಡಬೇಡಿ ಎಂದು ಕೂಗಲು ಗಗನಸಖಿಯರಿಗೆ ಕಲಿಸಿದ್ದೆ. ರಾಯಾನಿ ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, "ಉಪಚಾರ ಬೇಡ! ಮುದುಕರಿಗೆ ಕಾಯ್ಬೇಡಿ! ಹಾರಿ!" ಎಂದು ಕೂಗಿದಳು. ನಿವೃತ್ತ ಶಾಲಾ ಮೇಡಂ ದೋನಾ ಆಲ್ಜಿರಾ ಜಾರುಬಂಡಿಯ ಮೇಲ್ತುದಿಯಲ್ಲಿ ಗಕ್ಕನೆ ನಿಂತರು.

"ಏನಂದೆ? ಮುದುಕರಾ? ಏನಮ್ಮಾ, ನಿಮ್ಮನೇಲಿ ನಿನಗೆ ಇದನ್ನೇ ಕಲಿಸಿರೋದಾ? ಯಾವ ಶಾಲೆ ನಿಂದು?"

"ಕ್ಷಮಿಸಿ ದೋನಾ..." ಎಂದು ರಾಯಾನಿ ಕೈಮುಗಿದಳು.

"ಕ್ಷಮಿಸೋದು ಆಮೇಲೆ. ಮೊದ್ಲು ಹೆಸರು ಹೇಳು."

ಹಿಂದೆ ಕ್ಯೂ ಬೆಳೆಯಿತು. ಹಿಂದಿದ್ದವರೂ ದೋನಾ ಆಲ್ಜಿರಾ ಹೇಳುವುದು ಸರಿಯೆಂದು ತಲೆದೂಗತೊಡಗಿದರು. ಇನ್ನೊಬ್ಬ ಮಹಾಶಯ, ಇಸ್ತ್ರಿ ಮಾಡಿದ ಅಂಗಿಯವನು, ಅವರ ಪಕ್ಕದಲ್ಲಿ ನಿಂತು, "ನೀವು ಮಾತು ಮುಗಿಸಿ ದೋನಾ, ನಾನು ಕಾಯ್ತೀನಿ" ಎಂದ!

ನನಗೆ ತಡೆಯಲಾಗಲಿಲ್ಲ. ಪರದೆ ಬಿಟ್ಟು ಓಡಿ, ಪಕ್ಕದ ಏಣಿ ಹತ್ತಿ, ಬಾಗಿಲಿಗೆ ತಲೆ ತೂರಿಸಿ, ಆ ಇಸ್ತ್ರಿ ಅಂಗಿಯವನ ಮೇಲೆ ಹರಿಹಾಯ್ದೆ. "ಏ ಮಹಾನುಭಾವಾ! ಹಿಂದೆ ಅಜ್ಜಿ ಇದ್ದಾರೆ, ಕಾಣಲ್ವಾ? ಅವ್ರ ದಾರೀಗೆ ಅಡ್ಡ ನಿಂತಿದ್ದೀಯಲ್ಲಾ, ನಾಚ್ಕೆ ಆಗಲ್ವಾ? ಹಾರು!"

ಅವನು ಹಿಂದಕ್ಕೂ ನೋಡಲಿಲ್ಲ. "ಅಯ್ಯೋ, ಕ್ಷಮಿಸಿ!" ಎಂದವನೇ ಚೆಂಡಿನಂತೆ ಕೆಳಗೆ ಹಾರಿದ. ಅವನ ಹಿಂದಿನವನು "ಅಡ್ಡ ನಿಲ್ಬೇಡ್ರಪ್ಪಾ" ಎನ್ನುತ್ತ ಹಾರಿದ. ಅವನ ಹಿಂದಿನವಳೂ ಹಾರಿದಳು. ದೋನಾ ಆಲ್ಜಿರಾ ಕೂಡ ತಮ್ಮ ಹಿಂದೆ ತಮಗಿಂತ ಹಿರಿಯರು ಯಾರೋ ಇರಬೇಕೆಂದು ಲಂಗ ಒತ್ತಿ ಹಿಡಿದು ಜಾರಿಯೇಬಿಟ್ಟರು.

ಏಣಿಯ ಮೇಲೆ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಲ್ಲ, ಇಷ್ಟೇನಾ! ಹಿರಿಯರಿಗೆ ದಾರಿ ಬಿಡಬೇಡಿ ಎಂದರೆ ನಮ್ಮ ಜನ ಸತ್ತರೂ ಕೇಳುವುದಿಲ್ಲ. ನೀನು ಹಾರುವುದೇ ಹಿರಿಯರಿಗೆ ದಾರಿ ಬಿಡುವುದು ಎಂದರೆ ಪಾತಾಳಕ್ಕೂ ಹಾರುತ್ತಾರೆ.

ಎವಾಂದ್ರೊನಿಗೆ ಮಾತ್ರ ಇದು ಹಿಡಿಸಲಿಲ್ಲ. ಎಲ್ಲವೂ ಅಳತೆಯಲ್ಲಿರಬೇಕು ಅವನಿಗೆ, ಅಜ್ಜಿಯನ್ನು ಯಾವ ಅಳತೆಪಟ್ಟಿಯಲ್ಲಿ ಅಳೆಯುವುದು?

"ಮಾರಿಲ್ಡಾ, ಇದು ಲೋಕಕ್ಕೆಲ್ಲ ಮಾರೋ ವಿಮಾನ. ನಾರ್ವೆಯವ್ರು ಕೊಂಡ್ರೆ ಅಲ್ಲೂ 'ಹಿಂದೆ ಅಜ್ಜಿ ಇದ್ದಾರೆ' ಅಂತ ಕೂಗ್ಬೇಕಾ?"

"ನಾರ್ವೆಯವ್ರು ತಮ್ಮೋರಿಗೆ ಏನು ಬೇಕೋ ಅದು ಕೂಗ್ಕೊಳ್ಳಿ. ಪರೀಕ್ಷೆ ಎಲ್ಲಿ ನಡೀತಿರೋದು? ಸಾವ್ ಜೋಸೇಲಿ. ಹಾರೋರು ಯಾರು? ನಮ್ಮೋರು."

"ವಿಮಾನಯಾನ ಪ್ರಾಧಿಕಾರದವ್ರು ಒಪ್ತಾರಾ?"

"ಕೇಳೋಣ. ಬಾಯಿ ಇಲ್ವಾ?"

ಕೇಳಿದೆವು. ಇನ್ಸ್‌ಪೆಕ್ಟರ್ ತೆಳ್ಳಗಿನ ಮನುಷ್ಯ, ನಗುವುದನ್ನು ಮರೆತವನಂತಿದ್ದ. ಕಾಗದ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದ. ಗಗನಸಖಿಯರು ತಮ್ಮ ಭಾಷೆಯಲ್ಲಿ ಏನು ಕೂಗಿ ಕರೆಯಬೇಕೆಂಬುದು ವಿಮಾನ ನಡೆಸುವವರಿಗೆ ಬಿಟ್ಟದ್ದು, ಪ್ರತಿ ಹಾರಾಟದಲ್ಲೂ ಅದನ್ನೇ ಕೂಗುವುದಾದರೆ ತಮ್ಮ ಅಡ್ಡಿಯಿಲ್ಲ ಎಂದ. ಬಾಗಿಲ ತನಕ ಹೋದವನು ತಿರುಗಿ, "ನಮ್ಮ ತಾಯಿಗೆ ಎಂಬತ್ತಾಯ್ತು. ಅವರಿಗೆ ಇದು ಇಷ್ಟವಾಗುತ್ತೆ" ಎಂದು ಹೇಳಿ ಹೋದ.

ಪರೀಕ್ಷೆಯ ಬೆಳಿಗ್ಗೆ ವಿಮಾನ ನಿಲ್ಲಿಸಿದ್ದ ಹ್ಯಾಂಗರಿನ ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಹೊದಿಸಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೆ ಒಳಗೆ ಅಮಾವಾಸ್ಯೆ. ಊರಿನ ಜನ ಮೊಣಕಾಲಿಗೆ, ಮೊಣಕೈಗೆ ಪಟ್ಟಿ ಕಟ್ಟಿಕೊಂಡು, ಬೆನ್ನಿಗೆ ನಂಬರು ಹಚ್ಚಿಕೊಂಡು, ಪಿಕ್ನಿಕ್ಕಿಗೆ ಹೊರಟವರಂತೆ ಹರಟುತ್ತ ವಿಮಾನ ಹತ್ತಿದರು. ಮುಗಿದ ಮೇಲೆ ಕ್ಯಾರೆಟ್ ಕೇಕು ಕೊಡುತ್ತಾರೆಂದು ಗೊತ್ತಾಗಿತ್ತು. ಇಲ್ಲಿ ಏನು ಪಣಕ್ಕಿದೆಯೆಂದು ಅವರಲ್ಲೊಬ್ಬರಿಗೂ ಗೊತ್ತಿರಲಿಲ್ಲ.

ಯಾವ ಬಾಗಿಲಿಗೆ ಯಾರೆಂದು ಇನ್ಸ್‌ಪೆಕ್ಟರೇ ಚೀಟಿ ಎತ್ತಿದ. ಹಿಂದಿನ ಬಾಗಿಲಿಗೆ ರಾಯಾನಿಯ ಹೆಸರು ಬಂತು.

"ಸತ್ವಿ" ಎಂದ ಎವಾಂದ್ರೊ.

"ಬಾಯಿ ಮುಚ್ಚು, ಅಪಶಕುನ ನುಡೀಬೇಡ" ಎಂದೆ. ಅವಳ ಹತ್ತಿರ ಹೋಗಿ ಕೈ ಹಿಡಿದೆ. ಮಂಜುಗಡ್ಡೆಯಾಗಿತ್ತು. "ಮಗಳೇ, ನೀನು ದೊಡ್ಡವರ ಮೇಲೆ ಕೂಗ್ತಿಲ್ಲ. ಅಜ್ಜಿ ಪರವಾಗಿ ಕೂಗ್ತಿದ್ದೀಯ. ನಿನಗೂ ಒಬ್ಬ ಅಜ್ಜಿ ಇದ್ದಾಳೆ ತಾನೆ?"

"ಇದ್ದಾರೆ. ನನ್ನ ಸಾಕಿದ್ದೇ ಅವ್ರು."

"ಅವ್ರು ಆ ಕತ್ತಲಲ್ಲಿ ಹಿಂದೆ ನಿಂತಿದ್ದಾರೆ ಅನ್ಕೋ."

ಅವಳು ಮೆಟ್ಟಿಲು ಹತ್ತಿದಳು. ಇನ್ನು ನಾನು ಬಾಯಿ ತೆರೆಯುವಂತಿರಲಿಲ್ಲ. ಹೊರಗಿನವರು ಒಂದು ಮಾತು ಕೂಗಿದರೂ ಪರೀಕ್ಷೆ ರದ್ದು. ನಾನು ಕರವಸ್ತ್ರವನ್ನು ಮಡಿಸಿ ಹಲ್ಲಿನ ನಡುವೆ ಕಚ್ಚಿಕೊಂಡೆ. ಅದನ್ನು ನೋಡಿ ಎವಾಂದ್ರೊ ಆ ಗಳಿಗೆಯಲ್ಲೂ ನಕ್ಕ.

ದೀಪ ಆರಿತು.

ಮುಂದಿನ ಬಾಗಿಲಲ್ಲಿ, ರೆಕ್ಕೆಯ ಮೇಲಿನ ಬಾಗಿಲಲ್ಲಿ, ಹಿಂದೆ, ಎಲ್ಲ ಕಡೆ ಒಟ್ಟಿಗೆ ಕೂಗು ಎದ್ದಿತು. ಜನ ದಡಬಡ ಬೀಳತೊಡಗಿದರು. ಮುಂದಿನ ಬಾಗಿಲು ಸರಾಗ. ರೆಕ್ಕೆಯವರೂ ಇಳಿಯುತ್ತಿದ್ದರು. ನನ್ನ ಕಣ್ಣು ಹಿಂದಿನ ಬಾಗಿಲಿನ ಪರದೆಯ ಮೇಲಿತ್ತು. ರಾಯಾನಿ ಕೈ ಬೀಸುತ್ತಿದ್ದಳು, ಬಾಯಿ ಆಡುತ್ತಿತ್ತು, ಗದ್ದಲದಲ್ಲಿ ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಗೊಂಬೆ ಎತ್ತಿಕೊಂಡ ಹೆಂಗಸೊಬ್ಬಳು ಓಣಿಯಲ್ಲಿ ಕಾಣಿಸಿಕೊಂಡಳು. ಅವಳ ಮುಂದಿದ್ದ ಎತ್ತರದ ಯುವಕ ಅವಳನ್ನು ನೋಡಿದ. ಬಾಗಿಲಿನ ಅಂಚಿಗೆ ಬೆನ್ನು ಒತ್ತಿ ಪಕ್ಕಕ್ಕೆ ಸರಿದ. ಕೈ ಚಾಚಿದ. ಎವಾಂದ್ರೊ ನನ್ನ ತೋಳನ್ನು ಹಿಡಿದದ್ದು ಆಮೇಲೆ ಕಪ್ಪಗೆ ಬರೆ ಬಿದ್ದದ್ದು ನೋಡಿದಾಗಲೇ ನನಗೆ ತಿಳಿದದ್ದು.

"ಹಿಂದೆ ಅಜ್ಜಿ ಇದ್ದಾರೆ!"

ಹ್ಯಾಂಗರಿನ ತಗಡಿನ ಸೂರಿಗೆ ಬಡಿದು ಮರಳಿತು ಆ ಧ್ವನಿ. ಅದು ರಾಯಾನಿಯದೆಂದು ನಂಬಲು ನನಗೆ ಒಂದು ಕ್ಷಣ ಬೇಕಾಯಿತು. "ನಮ್ಮಜ್ಜಿ ಇದ್ದಾರೆ ಕಣೋ ಹಿಂದೆ! ಅಡ್ಡ ನಿಲ್ಬೇಡ! ಹಾರು! ನೀನೂ ಹಾರು! ಹಾರು!"

ಯುವಕ ಮಾಯವಾದ. ಗೊಂಬೆಯವಳು ಮಾಯವಾದಳು. ಆಮೇಲೆ ನಾನು ಮುಖಗಳನ್ನು ನೋಡಲೇ ಇಲ್ಲ. ಬಾಗಿಲಲ್ಲಿ ಜನ ಚೀಲದಿಂದ ಸುರಿದ ಬಟಾಣಿಯಂತೆ ಉದುರುತ್ತಿದ್ದರು. ದಪ್ಪ ಹೆಂಗಸೊಬ್ಬರು "ಊ...ಯೀ!" ಎಂದು ಖುಷಿಯಿಂದ ಕಿರುಚುತ್ತ ಜಾರಿದರು. ಕಡೆಗೆ ರಾಯಾನಿ ಟಾರ್ಚ್ ಹಿಡಿದು ಸೀಟುಗಳ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾನೂ ಹಾರಿದಳು.

ದೀಪ ಬಂತು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. ಇನ್ನೊಬ್ಬ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ಅವನ ಗಡಿಯಾರವನ್ನೂ ನೋಡಿದ. ಇಬ್ಬರೂ ತಲೆ ಬಗ್ಗಿಸಿ ಪಿಸುಗುಟ್ಟಿದರು. ಇವರಿಗೆ ಹೆಂಡತಿ ಮಕ್ಕಳು ಇಲ್ಲವೇ, ಇಷ್ಟು ಹೊತ್ತು ಜನರನ್ನು ಹಿಂಸಿಸುತ್ತಾರಲ್ಲ ಎಂದು ನಾನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಅಂತೂ ಅವನು ಬಂದ.

"ಎಂಬತ್ತೇಳು. ಒಬ್ಬರಿಗೆ ಮೊಣಕೈ ತರಚಿದೆ. ಬೇರೇನಿಲ್ಲ. ಎಲ್ಲ ಸೀಟಿಗೂ ಒಪ್ಪಿಗೆ."

ಹ್ಯಾಂಗರ್ ಹುಚ್ಚೆದ್ದಿತು. ನಾನು ಅತ್ತೆ. ನಾಚಿಕೆಯಿಲ್ಲದೆ, ಮೂಗು ಸೋರಿಸಿಕೊಂಡು, ಸಿಕ್ಕಿದವರ ಭುಜಕ್ಕೆಲ್ಲ ಒರಗಿ ಅತ್ತೆ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಉಸಿರು ಹೊಟ್ಟೆಯ ತನಕ ಹೋಗಿ ಬಂತು. ರಾಯಾನಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಏನೋ ಹೇಳಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು, ಗಂಟಲು ಪೂರ್ತಿ ಕಟ್ಟಿಹೋಗಿತ್ತು.

"ಬಿಡು, ಮಾತಾಡ್ಬೇಡ. ಇನ್ನೊಂದು ತಿಂಗ್ಳು ನಿನಗೆ ಮಾತಾಡೋಕೆ ರಜೆ" ಎಂದು ಅವಳ ಹಣೆಗೆ ಮುತ್ತಿಟ್ಟೆ.

ಕೇಕಿನ ಮೇಜಿನ ಸುತ್ತ ಜನ ಮುತ್ತಿದ್ದರು. ನಿರ್ದೇಶಕರು ಎವಾಂದ್ರೊನನ್ನು ಕೇಳಿದರು. ಅವನು ಎಲ್ಲೂ ಇರಲಿಲ್ಲ. ಫೋನಿಗೂ ಸಿಗಲಿಲ್ಲ. ಎಲ್ಲಿರುತ್ತಾನೆಂದು ಬೇರೆಯವರಿಗೆ ಹೊಳೆಯದಿರಬಹುದು, ಅವನ ಜೊತೆ ಹತ್ತೊಂಬತ್ತು ವರ್ಷ ಬಾಳಿದವಳಿಗೆ ಹೊಳೆಯದೇ? ನಾನು ವಿಮಾನ ಹತ್ತಿದೆ.

ಓಣಿಯ ತುಂಬ ಪರೀಕ್ಷೆಗೆಂದು ಚೆಲ್ಲಿದ್ದ ದಿಂಬು, ಕಂಬಳಿ, ಚೀಲ. ಅವನ್ನೆಲ್ಲ ದಾಟಿ ಹಿಂದಕ್ಕೆ ಹೋದೆ. ಎವಾಂದ್ರೊ ಕಟ್ಟಕಡೆಯ ಸಾಲಿನಲ್ಲಿ, ಕಿಟಕಿಯ ಸೀಟಿನಲ್ಲಿ ಕೂತಿದ್ದ. ಕೀಳಬೇಕಾಗಿ ಬಂದಿದ್ದ ಸೀಟು ಅದು. ಕೈಯಿಂದ ಅದರ ತೋಳನ್ನು ಸವರುತ್ತಿದ್ದ.

"ಕೆಳಗೆ ನಿನ್ನ ಹುಡುಕ್ತಿದ್ದಾರೆ, ನೀನಿಲ್ಲಿ ಕೂತಿದ್ದೀಯಾ?" ಎಂದೆ.

"ಕಾಲಿಗೆ ಜಾಗ ಸ್ವಲ್ಪ ಕಮ್ಮಿ ಆಯ್ತೇನೋ ಅಂತ ನೋಡ್ತಿದ್ದೆ."

"ನಿನ್ನ ಕಾಲೇ ಉದ್ದ. ಮಂಚದಲ್ಲೂ ಹಿಡೀತಿರ್ಲಿಲ್ಲ."

ಅವನು ನಕ್ಕ. ಅವನ ಪಕ್ಕದಲ್ಲಿ ಒಂದು ಸೀಟು ಬಿಟ್ಟು ಕೂತೆ. ಹೊರಗೆ ಯಾರೋ ಹಾಡಲು ಶುರುಮಾಡಿದ್ದರು.

"ಇದು ಸೋತು ಹೋಗಿದ್ರೆ ನಿನ್ನ ಮುಖ ಹೇಗೆ ನೋಡೋದು ಅಂತಿದ್ದೆ ಮಾರಿಲ್ಡಾ. ಎಲ್ರ ಮುಖ ನೋಡ್ಬಹುದಿತ್ತು. ನಿರ್ದೇಶಕ್ರದ್ದು, ಮಂತ್ರಿಗಳದ್ದು. ನಿಂದು ಮಾತ್ರ..."

ಮಾತು ಅಲ್ಲೇ ನಿಂತಿತು. ನಾನು ಕಾದೆ. ತಿರುಗಿ ನೋಡಿದರೆ ಅವನ ಗಲ್ಲ ಎದೆಗೆ ತಾಗಿತ್ತು, ಬಾಯಿ ಅರ್ಧ ತೆರೆದಿತ್ತು. ನಿದ್ದೆ! ಹೇಳಬೇಕಾದದ್ದನ್ನು ಅರ್ಧಕ್ಕೆ ಬಿಟ್ಟು ಮಲಗುವ ಗುಣ ಇವನಿಗೆ ಹಿಂದಿನಿಂದಲೂ ಇದೆ. ಬೇರೆ ದಿನವಾಗಿದ್ದರೆ ಪಕ್ಕೆಗೆ ತಿವಿದು ಎಬ್ಬಿಸುತ್ತಿದ್ದೆ. ವಿಮಾನ ಸೋತರೆ ನಮ್ಮ ಮನೆ ಹಾಳಾದದ್ದು ಯಾತಕ್ಕೆಂದು ಅವನೂ ಯೋಚಿಸಿಕೊಂಡು ಇಷ್ಟು ವರ್ಷ ನಿದ್ದೆಗೆಟ್ಟಿದ್ದನೆಂದು ನನಗೆ ಗೊತ್ತಿರಲಿಲ್ಲ. ನಾನೊಬ್ಬಳೇ ಎಂದುಕೊಂಡಿದ್ದೆ.

"ವ್ಯರ್ಥ ಆಗ್ಲಿಲ್ಲ ಬಿಡೋ" ಎಂದು ನಿದ್ದೆಯಲ್ಲಿದ್ದವನಿಗೆ ಹೇಳಿದೆ.

ಜಾರುಬಂಡಿಗಳನ್ನು ಬಿಚ್ಚುವ ಕೆಲಸಗಾರರು ಬಾಗಿಲಲ್ಲಿ ಇಣುಕಿದರು. ಅವರಲ್ಲಿ ಹಿರಿಯನೊಬ್ಬ, "ಎಂಜಿನಿಯರ್ ಸಾಹೇಬ್ರನ್ನ ಎಬ್ಬಿಸ್ಲಾ ದೋನಾ?" ಎಂದ. ಬೇಡವೆಂದು ಕೈಯಾಡಿಸಿದೆ. ನೆಲದಿಂದ ಒಂದು ಕಂಬಳಿ ಎತ್ತಿ, ಕೊಡವಿ, ಅವನ ಉದ್ದನೆಯ ಕಾಲುಗಳ ಮೇಲೆ ಹೊದಿಸಿದೆ. ಆಮೇಲೆ ನನ್ನ ಸವತಿಯ ಸೀಟಿಗೆ ತಲೆಯಾನಿಸಿ ನಾನೂ ಕಣ್ಣು ಮುಚ್ಚಿದೆ.